ಚಳಿಗಾಲದ ಸಂಜೆ, ಹದಿನಾರು ಸಾವಿರ ಕಾಗೆಗಳು

ಡಿಸೆಂಬರ್ ತಿಂಗಳ ಒಂದು ಅಪರಾಹ್ಣ, ಮೂರೂವರೆ ಗಂಟೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಮಗ್ಗುಲಿಗಿರುವ ಬಾಥೆಲ್ ಪಟ್ಟಣದಲ್ಲಿ ಬೆಳಕು ಆಗಲೇ ಮಾಸತೊಡಗಿರುತ್ತದೆ. ನಾಲ್ಕೂಕಾಲು, ನಾಲ್ಕೂವರೆಯೊಳಗೆ ಅಲ್ಲಿ ಸೂರ್ಯಾಸ್ತ. ಮೊದಲಿಗೆ ದಕ್ಷಿಣದಿಂದ ನಾಲ್ಕೈದು ಕಾಗೆಗಳು ಬರುತ್ತವೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆಕಾಶದ ಎಲ್ಲ ಕಡೆಗಳಿಂದಲೂ ಕಪ್ಪು ತೊರೆಗಳು ಹರಿದು ಬರಲಾರಂಭಿಸುತ್ತವೆ. ಕಟ್ಟಡಗಳ ಸೂರು, ದೀಪದ ಕಂಬ, ಆಟದ ಮೈದಾನದ ಹುಲ್ಲು ಎಲ್ಲವೂ ಕಾಗೆಮಯ. ಅವು ನೇರವಾಗಿ ಮರಕ್ಕೆ ಹೋಗುವುದಿಲ್ಲ. ಅಂಗಳದಲ್ಲಿ ನಿಂತು ಹರಟೆ ಮುಗಿಸಿ ಮನೆಯೊಳಗೆ ಹೋಗುವ ನೆಂಟರಂತೆ ಮುಕ್ಕಾಲು ಗಂಟೆ ಹೊರಗೇ ಕುಳಿತು ಕೂಗಾಡುತ್ತವೆ. ಕತ್ತಲು ದಟ್ಟವಾದೊಡನೆ, ಯಾವುದೋ ಸನ್ನೆ ಸಿಕ್ಕಿದಂತೆ, ಸಾವಿರಗಟ್ಟಲೆ ಹಕ್ಕಿಗಳು ಒಮ್ಮೆಗೇ ಎದ್ದು ಪಕ್ಕದ ಜೌಗಿನ ಮರಗಳಿಗೆ ಇಳಿಯುತ್ತವೆ. ಕೆಲವು ಚಳಿಗಾಲಗಳಲ್ಲಿ ಇವುಗಳ ಸಂಖ್ಯೆ ಹದಿನಾರು ಸಾವಿರ ಮುಟ್ಟುತ್ತದೆಂದು ಅಂದಾಜು.

ಆ ಜೌಗು ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಆವರಣಕ್ಕೆ ಸೇರಿದ್ದು. ಮಳೆಯಿಲ್ಲದ ಸಂಜೆಯಲ್ಲೂ ಅಲ್ಲಿನ ವಿದ್ಯಾರ್ಥಿಗಳು ಕೊಡೆ ಬಿಚ್ಚಿ ನಡೆಯುವುದುಂಟು. ಕಾರಣವನ್ನು ವಿವರಿಸಬೇಕಾಗಿಲ್ಲ! ಆದರೂ ಆ ಹಕ್ಕಿಗಳನ್ನು ಓಡಿಸಬೇಕೆಂಬ ಹಠ ಅಲ್ಲಿ ಬೆಳೆಯಲಿಲ್ಲ. ಅಮೆರಿಕದ ಹತ್ತಾರು ನಗರಗಳು ಇದೇ ಕಾಗೆಗಳ ಮೇಲೆ ಪಟಾಕಿ, ಲೇಸರ್, ಗಿಡುಗ, ವಿಷ, ಬಂದೂಕು ಎಲ್ಲವನ್ನೂ ಪ್ರಯೋಗಿಸಿ ದಣಿದಿರುವಾಗ ಇಲ್ಲಿ ಮಾತ್ರ ಹೀಗೇಕೆ ಎಂಬ ಪ್ರಶ್ನೆ ವಿಚಾರಯೋಗ್ಯವಾದುದು.

ಚಳಿಗಾಲದ ಈ ಜಾತ್ರೆಗೆ ಬರುವ ಕಾಗೆಗಳು ಬೇಸಿಗೆಯಲ್ಲಿ ಹೀಗೆ ಗುಂಪುಗೂಡುವುದಿಲ್ಲ. ಅಮೆರಿಕದ ಕಾಗೆಗೆ ಗೂಡು ಕಟ್ಟುವ ಕಾಲದಲ್ಲಿ ತನ್ನದೇ ಗಡಿ, ತನ್ನದೇ ಸಂಸಾರ. ಹಿಂದಿನ ವರ್ಷದ ಮಕ್ಕಳು ಮನೆ ಬಿಡದೆ ಉಳಿದು ಹೊಸ ಮರಿಗಳಿಗೆ ತುತ್ತು ತರುವುದೂ ಉಂಟು. ಹಳ್ಳಿಯ ಅವಿಭಕ್ತ ಕುಟುಂಬವನ್ನು ಬಲ್ಲವರಿಗೆ ಇದು ಅಚ್ಚರಿಯ ಸಂಗತಿಯಾಗಲಾರದು. ಮರಿಗಳು ರೆಕ್ಕೆ ಬಲಿತು, ಎಲೆ ಉದುರುವ ಕಾಲ ಬಂತೆಂದರೆ ಈ ಕಟ್ಟುಪಾಡು ಸಡಿಲಗೊಳ್ಳುತ್ತದೆ. ಕೆನಡಾದ ಹಿಮದಿಂದ ತಪ್ಪಿಸಿಕೊಂಡ ಕಾಗೆಗಳು ದಕ್ಷಿಣಕ್ಕೆ ಇಳಿಯುತ್ತವೆ. ಸ್ಥಳೀಯ ಕಾಗೆಗಳು ಹಗಲೆಲ್ಲ ತಮ್ಮ ಗಡಿಯಲ್ಲೇ ಮೇಯ್ದು, ಸಂಜೆಗೆ ಹತ್ತಾರು ಕಿಲೋಮೀಟರ್ ಹಾರಿ ತಂಗುಮರಕ್ಕೆ ಬರುತ್ತವೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇದೇ ದಿನಚರಿ.

ಇಷ್ಟೊಂದು ಹಕ್ಕಿಗಳು ಒಂದೆಡೆ ಸೇರುವುದರಿಂದ ಲಾಭವೇನು? ಇದಕ್ಕೆ ಒಂದೇ ಉತ್ತರವಿಲ್ಲ. ಹಿಂಡಿನ ನಡುವೆ ಕುಳಿತವನಿಗೆ ಗೂಬೆಯ ಭಯ ಕಡಿಮೆ. ಹಸಿದ ಹಕ್ಕಿ ಮಾರನೆಯ ಬೆಳಿಗ್ಗೆ ಹೊಟ್ಟೆ ತುಂಬಿದ ಹಕ್ಕಿಯ ಬೆನ್ನು ಹಿಡಿದು ಹೋಗಿ ಮೇವಿನ ಜಾಗ ಕಂಡುಕೊಳ್ಳಬಹುದು. ತಂಗುಮರವು ಮಾಹಿತಿ ಕೇಂದ್ರವೆಂಬ ಈ ವಾದವನ್ನು ಪೀಟರ್ ವಾರ್ಡ್ ಮತ್ತು ಅಮೋಟ್ಜ್ ಝಹಾವಿ 1973ರಲ್ಲಿ ಮುಂದಿಟ್ಟರು. ಕಾಗೆಯ ಸೋದರಸಂಬಂಧಿಯಾದ ರೇವನ್ ಹಕ್ಕಿಯ ಮೇಲೆ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ನಡೆದ ಅಧ್ಯಯನಗಳು ಇದಕ್ಕೆ ಒಳ್ಳೆಯ ಬೆಂಬಲ ಒದಗಿಸಿದವು. ಕಾಗೆಗೂ ಅದೇ ಲೆಕ್ಕ ಅನ್ವಯಿಸುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ತಂಗುಮರಗಳು ಕಾಡು-ಹೊಲಗಳ ನಡುವಿನಿಂದ ನಗರದ ಮಧ್ಯಕ್ಕೆ ಬಂದದ್ದು ಮಾತ್ರ ಇತ್ತೀಚಿನ ಕಥೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಈ ವಲಸೆಗೆ ಕಾರಣಗಳನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿತಜ್ಞ ಕೆವಿನ್ ಮೆಕ್‌ಗೋವನ್ ಪಟ್ಟಿಮಾಡಿದ್ದಾರೆ. ನಗರದ ರಾತ್ರಿ ಹಳ್ಳಿಯ ರಾತ್ರಿಗಿಂತ ಕೆಲವು ಡಿಗ್ರಿ ಬೆಚ್ಚಗೆ. ಹಿಂದಿನ ತಲೆಮಾರು ಬೀದಿಬದಿಯಲ್ಲಿ ನೆಟ್ಟ ಗಿಡಗಳು ಈಗ ಹೆಮ್ಮರ. ನಗರದೊಳಗೆ ಬಂದೂಕು ಸಿಡಿಸುವಂತಿಲ್ಲ. ಎಲ್ಲಕ್ಕಿಂತ ಸ್ವಾರಸ್ಯದ ಕಾರಣ ಬೀದಿದೀಪ! ಕಾಗೆಯ ಕಣ್ಣು ಕತ್ತಲಲ್ಲಿ ಮಂದ. ಅದರ ಪರಮವೈರಿ ದೊಡ್ಡ ಕೊಂಬುಗೂಬೆಗೆ ಕತ್ತಲೇ ಆಯುಧ. ದೀಪದ ಬೆಳಕಿನಲ್ಲಿ ಗೂಬೆ ಬರುವುದು ಕಾಣುತ್ತದೆ. ನಗರವಾಸಿಗಳು ಕಳ್ಳರ ಭಯಕ್ಕೆ ಹಚ್ಚಿದ ದೀಪದ ಕೆಳಗೆ ಕಾಗೆಯೂ ತನ್ನ ಕಳ್ಳನ ಭಯ ಕಳೆದುಕೊಂಡಿತು. ಅಂದರೆ, ಮರ, ಬೆಳಕು, ಬಿಸಿ, ತಿಪ್ಪೆ ಎಲ್ಲವನ್ನೂ ಸಿದ್ಧಪಡಿಸಿಟ್ಟವನು ಮನುಷ್ಯನೇ. ಸಿದ್ಧವಾದ ಛತ್ರಕ್ಕೆ ಬಂದ ಯಾತ್ರಿಕನನ್ನು ಅತಿಕ್ರಮಣಕಾರನೆಂದು ಕರೆಯುವುದು ಯಾವ ನ್ಯಾಯ?

ಹಾಗೆಂದು ನಗರವಾಸಿಗಳ ದೂರನ್ನು ಹುಸಿ ಎನ್ನುವಂತಿಲ್ಲ. ಹತ್ತು ಸಾವಿರ ಕಾಗೆಗಳ ಹಿಕ್ಕೆ ಕಾಲುದಾರಿಯ ಮೇಲೆ, ಅಂಗಡಿಯ ಮುಂದೆ, ಆಸ್ಪತ್ರೆಯ ಬಾಗಿಲಲ್ಲಿ ಐದು ತಿಂಗಳು ಬೀಳುತ್ತಿದ್ದರೆ ಅದನ್ನು ತೊಳೆಯುವವರ ಕಷ್ಟ ನೋಡುವವರಿಗೆ ತಿಳಿಯದು. ಬಹುಕಾಲ ರಾಶಿಬಿದ್ದ ಹಿಕ್ಕೆಯಲ್ಲಿ ಶ್ವಾಸಕೋಶಕ್ಕೆ ತಗಲುವ ಹಿಸ್ಟೋಪ್ಲಾಸ್ಮೋಸಿಸ್ ಶಿಲೀಂಧ್ರ ಬೆಳೆಯಬಲ್ಲದು. ಕಾಗೆಯ ಕರುಳಿನಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಇರುವುದೂ ನಿಜ. ಪರಿಸರಪ್ರೇಮಿಗಳು ಇವುಗಳನ್ನು ಮುಚ್ಚಿಟ್ಟು ವಾದ ಹೂಡಿದರೆ ಅವರ ಮಾತಿಗೆ ತೂಕ ಉಳಿಯುವುದಿಲ್ಲ. ತೊಂದರೆ ಇದೆಯೇ ಇಲ್ಲವೇ ಎಂಬುದು ಪ್ರಶ್ನೆಯಲ್ಲ. ಅದಕ್ಕೆ ಮಾಡಿದ ಮದ್ದು ರೋಗಕ್ಕೆ ತಕ್ಕುದಾಗಿತ್ತೇ ಎಂಬುದು ಪ್ರಶ್ನೆ.

ಈ ಮದ್ದಿನ ಚರಿತ್ರೆ ಹೊಲದಿಂದ ಆರಂಭವಾಗುತ್ತದೆ. ಬಿತ್ತಿದ ಮುಸುಕಿನ ಜೋಳವನ್ನು ಕಿತ್ತು ತಿನ್ನುವ ಕಾಗೆ ಅಮೆರಿಕದ ರೈತನ ಕಣ್ಣಿನಲ್ಲಿ ಶತ್ರು. ಅಲ್ಲಿನ ಕೃಷಿ ಇಲಾಖೆಯ ಇ. ಆರ್. ಕಾಲ್ಮ್‌ಬಾಕ್ ಎಂಬ ವಿಜ್ಞಾನಿ ಎರಡು ಸಾವಿರಕ್ಕೂ ಹೆಚ್ಚು ಕಾಗೆಗಳ ಜಠರಗಳನ್ನು ಬಿಡಿಸಿ ನೋಡಿ 1918ರಲ್ಲಿ ವರದಿ ಪ್ರಕಟಿಸಿದರು. ಕಾಳಿನ ಜೊತೆಗೆ ಮಿಡತೆ, ಜೀರುಂಡೆ, ಮರಿಹುಳುಗಳೂ ಅಲ್ಲಿ ಸಿಕ್ಕವು. ಮರಿಗಳ ಹೊಟ್ಟೆಯಲ್ಲಂತೂ ಹುಳುಹುಪ್ಪಟೆಗಳದೇ ಪ್ರಾಬಲ್ಯ. ಕಾಗೆ ಪೂರ್ತಿ ಮಿತ್ರನೂ ಅಲ್ಲ, ಪೂರ್ತಿ ವೈರಿಯೂ ಅಲ್ಲ, ಹಾನಿಯಾಗುವಲ್ಲಿ ಮಾತ್ರ ಎಚ್ಚರ ಸಾಕು ಎಂಬ ಅರ್ಥದ ಸಮತೂಕದ ವರದಿ ಅದು. ಆದರೆ ಸಮತೂಕದ ವರದಿಗಳನ್ನು ಓದುವವರು ಎಲ್ಲ ಕಾಲದಲ್ಲೂ ಕಡಿಮೆ. 1940ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಬಳಿಯ ತಂಗುದಾಣದಲ್ಲಿ ಮರಗಳಿಗೆ ಸಿಡಿಮದ್ದು ಕಟ್ಟಿ, ಹಕ್ಕಿಗಳು ನಿದ್ರೆಯಲ್ಲಿದ್ದಾಗ ಸಿಡಿಸಲಾಯಿತು. ಸತ್ತ ಕಾಗೆಗಳು ಮೂರು ಲಕ್ಷಕ್ಕೂ ಅಧಿಕ. ಇಂಥ ಸಿಡಿತಗಳು ಆ ದಶಕಗಳಲ್ಲಿ ಬೇರೆಡೆಯೂ ನಡೆದವು. ಕಾಗೆಯೇನೂ ಮುಗಿದುಹೋಗಲಿಲ್ಲ. ಒಕ್ಲಹೋಮಾ ರಾಜ್ಯದ ಫೋರ್ಟ್ ಕಾಬ್‌ನಲ್ಲಿ 1970ರ ದಶಕದಲ್ಲಿ ಒಂದೇ ತಂಗುದಾಣದಲ್ಲಿ ಇಪ್ಪತ್ತು ಲಕ್ಷ ಕಾಗೆಗಳಿದ್ದುವೆಂಬ ಅಂದಾಜಿದೆ.

1972ರಲ್ಲಿ ಅಮೆರಿಕವು ಮೆಕ್ಸಿಕೋದೊಡನೆ ಮಾಡಿಕೊಂಡಿದ್ದ ವಲಸೆ ಹಕ್ಕಿಗಳ ಒಪ್ಪಂದವನ್ನು ತಿದ್ದಿ ಕಾಗೆಯ ಕುಲವನ್ನು ಕಾನೂನಿನ ರಕ್ಷಣೆಯೊಳಗೆ ತಂದಿತು. ಬೇಟೆ ನಿಲ್ಲಲಿಲ್ಲ, ಆದರೆ ವರ್ಷಕ್ಕೆ ಗರಿಷ್ಠ 124 ದಿನಗಳ ಮಿತಿಗೆ ಒಳಪಟ್ಟಿತು. ಇಲ್ಲೊಂದು ಕಾಕತಾಳೀಯವನ್ನು ಗಮನಿಸಬೇಕು (ಆ ಪದದಲ್ಲೂ ಕಾಗೆಯೇ ಕುಳಿತಿದೆ!). ಅದೇ 1972ರಲ್ಲಿ ಭಾರತದ ಸಂಸತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ, ಇಲಿ, ಹೆಗ್ಗಣ, ಹಣ್ಣುಬಾವಲಿಗಳ ಸಾಲಿನಲ್ಲಿ, ಊರುಕಾಗೆಗೆ ‘ಪೀಡಕ’ನ ಪಟ್ಟ ದೊರೆಯಿತು. ಮಹಾಲಯ ಅಮಾವಾಸ್ಯೆಯಂದು ಕೈಮುಗಿದು ‘ಕಾ ಕಾ’ ಎಂದು ಕರೆದು ಎಡೆಯಿಡುವ ನಾಡಿನಲ್ಲಿ ಉಳಿದ ದಿನಗಳಲ್ಲಿ ಅದನ್ನು ಕೊಂದರೆ ಕೇಳುವವರಿರಲಿಲ್ಲ. 2022ರ ಡಿಸೆಂಬರಿನಲ್ಲಿ ಅಂಗೀಕಾರಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಅನುಸೂಚಿಯನ್ನೇ ಕೈಬಿಟ್ಟಿದೆ. ಐವತ್ತು ವರ್ಷ ಹಿಡಿಯಿತು.

ಅಮೆರಿಕದ ನಗರಗಳತ್ತ ಮರಳಿದರೆ, ಅಲ್ಲಿನ ಪ್ರಯೋಗಗಳು ಒಂದಕ್ಕಿಂತ ಒಂದು ವಿಚಿತ್ರ. ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಚಿಕ್ಕ ಪಟ್ಟಣದಲ್ಲಿ ಚಳಿಗಾಲದ ಕಾಗೆಗಳ ಸಂಖ್ಯೆ ಊರ ಜನಸಂಖ್ಯೆಯನ್ನು ಮೀರುವುದುಂಟು. 2000ರ ದಶಕದಲ್ಲಿ ಅಲ್ಲಿ ಪಟಾಕಿ, ಲೇಸರ್‌ಗಳ ಪ್ರಯೋಗ ಒಂದೆಡೆ. ಊರ ಹೊರಗೆ ಯಾರು ಹೆಚ್ಚು ಕಾಗೆ ಹೊಡೆದರೆಂದು ಲೆಕ್ಕವಿಟ್ಟು ಬಹುಮಾನ ಕೊಡುವ ಬೇಟೆಸ್ಪರ್ಧೆ ಇನ್ನೊಂದೆಡೆ. ಅದರ ವಿರುದ್ಧ ಪ್ರತಿಭಟನೆ ಮತ್ತೊಂದೆಡೆ. ಲೇಸರಿನ ವಿಷಯವನ್ನಂತೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ನೀಡಿದ್ದರು. ಬೆಳಕು ಬಿದ್ದೊಡನೆ ಕಾಗೆಗಳು ಹಾರುತ್ತವೆ, ಕಾಲು ಗಂಟೆಯೊಳಗೆ ಅದೇ ಮರಕ್ಕೆ ಮರಳುತ್ತವೆ! ಇಷ್ಟು ಸ್ಪಷ್ಟವಾದ ಉತ್ತರವಿದ್ದರೂ ಲೇಸರ್ ಮಾರಾಟ ನಿಲ್ಲಲಿಲ್ಲ.

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ ಅದೇ ದಶಕದ ಮಧ್ಯಭಾಗದಲ್ಲಿ ವಿಷದ ಮೊರೆಹೋಗಲಾಯಿತು. ಡಿಆರ್‌ಸಿ-1339 ಎಂಬ ಆ ರಾಸಾಯನಿಕ ಹಕ್ಕಿಯ ಮೂತ್ರಪಿಂಡವನ್ನು ಹಾಳುಗೆಡಹುತ್ತದೆ. ತಿಂದ ಹಕ್ಕಿ ಅಲ್ಲೇ ಬೀಳುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ, ಬೇರೆಲ್ಲೋ, ಯಾರದೋ ಹಿತ್ತಲಿನಲ್ಲಿ ಸಾಯುತ್ತದೆ. ಕೊಂದವರಿಗೆ ಹೆಣ ಕಾಣುವುದಿಲ್ಲ ಎಂಬುದೇ ಇದರ ಅನುಕೂಲವೆಂದು ತೋರುತ್ತದೆ. ಕೀಟನಾಶಕಗಳ ಇತಿಹಾಸ ಬಲ್ಲ ಯಾವ ಕೃಷಿಕನಿಗೂ ಈ ‘ಅನುಕೂಲ’ದ ಬೆಲೆ ಗೊತ್ತು. ಲ್ಯಾಂಕಾಸ್ಟರಿನ ನಾಗರಿಕರು ಸುಮ್ಮನಿರಲಿಲ್ಲ. ಅವರು ಒಂದು ಒಕ್ಕೂಟ ಕಟ್ಟಿಕೊಂಡು, ಕೊಲ್ಲದೆ ಕಾಗೆಗಳನ್ನು ಜನವಸತಿಯಿಂದ ದೂರದ ಮರಗಳತ್ತ ಸರಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಇನ್ನೊಂದು ದಾರಿ ಹಿಡಿಯಿತು. ಮೊದಲು ಹಿಕ್ಕೆ ತೊಳೆಯಲು ಯಂತ್ರ ತಂದರು. 2017ರ ಸುಮಾರಿನಿಂದ ಪಳಗಿಸಿದ ಹ್ಯಾರಿಸ್ ಗಿಡುಗಗಳನ್ನು ರಾತ್ರಿಯಲ್ಲಿ ಹಾರಿಸಿ, ಕಾಗೆಗಳನ್ನು ವ್ಯಾಪಾರದ ಬೀದಿಗಳಿಂದ ನದಿದಂಡೆಯ ಉದ್ಯಾನದ ಕಡೆಗೆ ತಳ್ಳಲಾರಂಭಿಸಿದರು. ವಿಷಕ್ಕಿಂತ ಇದು ನೂರು ಪಾಲು ಮೇಲು. ಆದರೆ ಪ್ರತಿ ಚಳಿಗಾಲವೂ ಗಿಡುಗದವನಿಗೆ ಹಣ ತೆರಬೇಕು. ಕಾಗೆಗೆ ಯಾರೂ ಹಣ ಕೊಡಬೇಕಾಗಿಲ್ಲ, ಅದು ಪುನಃ ಬರುತ್ತದೆ.

ಕಾಗೆಯ ನೆನಪಿನೊಡನೆ ಪೈಪೋಟಿ ಸುಲಭವಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ 2006ರಲ್ಲಿ ಆದಿಮಾನವನ ಮುಖವಾಡ ಧರಿಸಿ ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಅನಂತರ ಆ ಮುಖವಾಡ ಧರಿಸಿ ಯಾರು ನಡೆದರೂ ಕಾಗೆಗಳು ಎರಗಿ ಕೂಗಿದವು. ವರ್ಷಗಳು ಕಳೆದಂತೆ ಕೂಗುವವುಗಳ ಸಂಖ್ಯೆ ಇಳಿಯುವ ಬದಲು ಏರಿತು. ಎಂದೂ ಸೆರೆಸಿಕ್ಕದ ಹಕ್ಕಿಗಳೂ, ತಾಯಿಯಿಂದ ಕಲಿತ ಮರಿಗಳೂ ಸೇರಿಕೊಂಡವು. ಹೋಲಿಕೆಗೆಂದು ತಂದ ಇನ್ನೊಂದು ಮುಖವಾಡ ಆಗಿನ ಉಪಾಧ್ಯಕ್ಷ ಡಿಕ್ ಚೇನಿಯವರದು. ಅದಕ್ಕೆ ಕಾಗೆಗಳು ಸೊಪ್ಪು ಹಾಕಲಿಲ್ಲ.

ಕಾಗೆಗಳ ಸಾವು ಮನುಷ್ಯನಿಗೆ ಹೇಳಿದ ಸುದ್ದಿಯೊಂದನ್ನು ಇಲ್ಲಿ ಮರೆಯುವಂತಿಲ್ಲ. 1999ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಗೆಗಳು ಬೀದಿಯಲ್ಲಿ ಬಿದ್ದು ಸಾಯತೊಡಗಿದವು. ಅದೇ ವೇಳೆಗೆ ಕೆಲವು ವೃದ್ಧರು ಮಿದುಳುಜ್ವರದಿಂದ ಆಸ್ಪತ್ರೆ ಸೇರಿದರು. ವೈದ್ಯರು ಅದನ್ನು ಸೇಂಟ್ ಲೂಯಿ ಮಿದುಳುಜ್ವರವೆಂದು ತಿಳಿದರು. ಬ್ರಾಂಕ್ಸ್ ಮೃಗಾಲಯದ ರೋಗತಜ್ಞೆ ಟ್ರೇಸಿ ಮೆಕ್‌ನಮಾರಾ ಮಾತ್ರ ಒಪ್ಪಲಿಲ್ಲ: ಸೇಂಟ್ ಲೂಯಿ ಜ್ವರವಾದರೆ ಹಕ್ಕಿಗಳು ಸಾಯಬಾರದು, ಹಕ್ಕಿಗಳು ಸಾಯುತ್ತಿವೆ, ಆದ್ದರಿಂದ ಇದು ಬೇರೆ. ಅದು ಅಮೆರಿಕಕ್ಕೆ ಮೊದಲ ಬಾರಿ ಕಾಲಿಟ್ಟ ವೆಸ್ಟ್ ನೈಲ್ ವೈರಸ್ ಆಗಿತ್ತು. ಸೊಳ್ಳೆಯಿಂದ ಹರಡುವ ಈ ವೈರಸ್ಸಿಗೆ ಅಮೆರಿಕದ ಕಾಗೆಯಷ್ಟು ಬೇಗ ಬಲಿಯಾಗುವ ಹಕ್ಕಿ ಬೇರೆ ಇಲ್ಲವೆಂದರೂ ಸಲ್ಲುತ್ತದೆ. ಸೋಂಕು ತಗಲಿಸಿದ ಪ್ರಯೋಗಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಕೆಲವು ಪ್ರದೇಶಗಳಲ್ಲಿ ಕಾಗೆಗಳ ಸಂಖ್ಯೆ ಶೇಕಡಾ 45ರವರೆಗೆ ಕುಸಿಯಿತೆಂದು 2007ರಲ್ಲಿ ‘ನೇಚರ್’ ಪತ್ರಿಕೆಯ ಲೇಖನ ತಿಳಿಸಿತು. ಮುಂದೆ ಹಲವು ರಾಜ್ಯಗಳು ಸತ್ತ ಕಾಗೆ ಕಂಡರೆ ತಿಳಿಸಿರೆಂದು ಜನರನ್ನು ಕೇಳಿಕೊಂಡವು. ಎಲ್ಲಿ ಕಾಗೆ ಬಿತ್ತೋ ಅಲ್ಲಿ ಸೊಳ್ಳೆಯ ಮೇಲೆ ಕಣ್ಣು! ಒಂದೆಡೆ ವಿಷವಿಟ್ಟು ಕೊಲ್ಲುವ ಇಲಾಖೆ, ಇನ್ನೊಂದೆಡೆ ಅದೇ ಹಕ್ಕಿಯ ಹೆಣದಿಂದ ಜನರ ಜೀವ ಉಳಿಸುವ ಇಲಾಖೆ.

ಈಗ ಬಾಥೆಲ್‌ನ ಜೌಗಿಗೆ ಬರೋಣ. ಅಲ್ಲಿ ಹರಿಯುವ ನಾರ್ತ್ ಕ್ರೀಕ್ ಎಂಬ ತೊರೆ ಸಮಾಮಿಶ್ ನದಿಯನ್ನು ಸೇರಿ, ಅದರ ಮೂಲಕ ವಾಷಿಂಗ್ಟನ್ ಸರೋವರವನ್ನು ಮುಟ್ಟುತ್ತದೆ. ಸಾಲ್ಮನ್ ಮೀನು ಏರಿ ಬರುವ ನೀರು. ಹಿಂದೆ ಮರದ ದಿಮ್ಮಿಗಾಗಿ ಸುತ್ತಲ ಕಾಡು ಕಡಿದರು. ತೊರೆಯ ಡೊಂಕುಗಳನ್ನು ತಿದ್ದಿ ನೇರ ಕಾಲುವೆ ಮಾಡಿದರು. ನೆರೆಬಯಲನ್ನು ದನದ ಹುಲ್ಲುಗಾವಲಾಗಿಸಿದರು. 1990ರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯವು ಕ್ಯಾಸ್ಕೇಡಿಯಾ ಕಾಲೇಜಿನೊಡನೆ ಸೇರಿ ಅಲ್ಲಿ ಆವರಣ ಕಟ್ಟಲು ಹೊರಟಾಗ, ಅದಕ್ಕೆ ಹೊಂದಿಕೊಂಡ 58 ಎಕರೆ ಬಯಲನ್ನು ಮತ್ತೆ ಜೌಗಾಗಿಸುವ ಕೆಲಸವೂ ಆರಂಭವಾಯಿತು. ತೊರೆಗೆ ಅದರ ಡೊಂಕುಗಳನ್ನು ಮರಳಿಸಿದರು. ನೆರೆ ಬಂದಾಗ ನೀರು ಹರಡಿಕೊಳ್ಳಲು ಜಾಗ ಬಿಟ್ಟರು. ಹುಲ್ಲಿನ ಜಾಗದಲ್ಲಿ ವಿಲ್ಲೋ, ಆಲ್ಡರ್ ಮೊದಲಾದ ಸ್ಥಳೀಯ ಗಿಡಮರಗಳನ್ನು ನೆಟ್ಟರು.

ಆ ಯೋಜನೆ ಮಾಡಿದವರ ಮನಸ್ಸಿನಲ್ಲಿ ಕಾಗೆ ಇರಲಿಲ್ಲ. ಅವರಿಗೆ ಬೇಕಿದ್ದುದು ಮೀನು, ನೆರೆ ತಡೆ, ಶುದ್ಧ ನೀರು. ಗಿಡಗಳು ಹತ್ತು ವರ್ಷ ಬೆಳೆದು ತೋಪಾದ ಮೇಲೆ, 2009ರ ಸುಮಾರಿಗೆ, ಕಾಗೆಗಳು ತಾವಾಗಿಯೇ ಬಂದವು. ನೆಟ್ಟವರು ಕರೆಯದ ಈ ಅತಿಥಿಗಳನ್ನು ವಿಶ್ವವಿದ್ಯಾಲಯ ಪಾಠವಾಗಿಸಿಕೊಂಡಿತು. ತಂಗುಮರಕ್ಕೆ ಬರುವ ಕಾಗೆಗಳ ಕೂಗುಗಳನ್ನು ಡಗ್ಲಸ್ ವ್ಯಾಕರ್ ಎಂಬ ಅಲ್ಲಿನ ಪ್ರಾಧ್ಯಾಪಕರು ವಿದ್ಯಾರ್ಥಿಗಳೊಡನೆ ಅಭ್ಯಸಿಸುತ್ತ ಬಂದಿದ್ದಾರೆ. ಸಂಜೆ ಕಾಗೆ ನೋಡಲು ಊರಿನವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಸಾಫ್ಟ್‌ವೇರ್ ಉದ್ಯೋಗದ ನಿಮಿತ್ತ ಸಿಯಾಟಲ್ ಸುತ್ತಮುತ್ತ ನೆಲೆಸಿದ ಕನ್ನಡಿಗ ಮನೆಗಳಿಗೂ ಇದು ದೂರದ ಜಾಗವಲ್ಲ. ಬೇಸಿಗೆಯಲ್ಲಿ ಚೆದುರಿದ ಕಾಗೆಗಳು ಮತ್ತೆ ಗುಂಪುಗೂಡಲು ಹೊರಡುವ ದಿನಗಳೂ ಪಿತೃಪಕ್ಷವೂ ಪಂಚಾಂಗದಲ್ಲಿ ಅಕ್ಕಪಕ್ಕದಲ್ಲೇ ಬೀಳುತ್ತವೆ.

ಹದಿನಾರು ಸಾವಿರ ಹಕ್ಕಿಗಳ ಹಿಕ್ಕೆ ಬಾಥೆಲ್‌ನಲ್ಲೂ ಬೀಳುತ್ತದೆ. ಆದರೆ ಅದರ ಬಹುಪಾಲು ಬೀಳುವುದು ಕಾಂಕ್ರೀಟಿನ ಮೇಲಲ್ಲ, ಮಣ್ಣಿನ ಮೇಲೆ, ನೀರಿನ ಅಂಚಿನಲ್ಲಿ. ಕಾಂಕ್ರೀಟಿನ ಮೇಲೆ ಕೊಳೆಯಾಗುವ ಸಾರಜನಕ, ರಂಜಕಗಳು ಮಣ್ಣಿನಲ್ಲಿ ಗೊಬ್ಬರ. ತಿಪ್ಪೆ, ಹೊಲ, ಬಯಲುಗಳಲ್ಲಿ ಹಗಲೆಲ್ಲ ಆಯ್ದುದನ್ನು ಕಾಗೆಗಳು ಸಂಜೆ ಹೊತ್ತು ತಂದು ಒಂದೆಡೆ ಸುರಿಯುತ್ತವೆ. ಕೊಟ್ಟಿಗೆ ಗೊಬ್ಬರವನ್ನು ತಲೆಹೊರೆಯಲ್ಲಿ ತೋಟಕ್ಕೆ ಸಾಗಿಸಿದವರಿಗೆ ಈ ಸಾಗಣೆಯ ಬೆಲೆ ತಿಳಿಯುತ್ತದೆ. ಅತಿಯಾದರೆ ಅದೂ ಹಿತವಲ್ಲ ಎಂಬುದನ್ನು ಒಪ್ಪಲೇಬೇಕು. ಒಂದೇ ಮರದಡಿ ವರ್ಷವರ್ಷವೂ ಬೀಳುವ ಗೊಬ್ಬರ ಕೆಲವು ಗಿಡಗಳನ್ನು ಸುಡಬಲ್ಲದು, ತೊರೆಗೆ ಹರಿದರೆ ನೀರನ್ನು ಕೆಡಿಸಬಲ್ಲದು. ಆದ್ದರಿಂದ ಜೌಗು ವಿಶಾಲವಾಗಿರಬೇಕು, ಹಕ್ಕಿಗಳು ಜಾಗ ಬದಲಿಸುವಷ್ಟು ಮರಗಳಿರಬೇಕು. ಐವತ್ತೆಂಟು ಎಕರೆಯ ಬದಲು ಐದೆಕರೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಎಲ್ಲ ನಗರಗಳಿಗೂ ಐವತ್ತೆಂಟು ಎಕರೆ ಎಲ್ಲಿಂದ ಬರಬೇಕೆಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆಬರ್ನಿನಲ್ಲಿಯೋ ಲ್ಯಾಂಕಾಸ್ಟರಿನಲ್ಲಿಯೋ ನಡುಪೇಟೆಯಲ್ಲಿ ಜೌಗು ಸೃಷ್ಟಿಸಲಾಗದು. ಆದರೆ ಕಾಗೆ ಪೇಟೆಯ ನಡುವನ್ನೇ ಬೇಡುವುದಿಲ್ಲ. ಅದಕ್ಕೆ ಬೇಕಾದ್ದು ಎತ್ತರದ ಮರ, ತುಸು ಬೆಳಕು, ಗಾಳಿಯ ಮರೆ, ಸಂಜೆ ಸೇರಲು ಒಂದು ಬಯಲು. ಕೆನಡಾದ ವ್ಯಾಂಕೂವರ್ ನಗರದ ಕಾಗೆಗಳು 1970ರ ದಶಕದಿಂದಲೂ ಪ್ರತಿ ಸಂಜೆ ಪಕ್ಕದ ಬರ್ನಬಿಯ ಸ್ಟಿಲ್ ಕ್ರೀಕ್ ಎಂಬ ತೊರೆಯ ದಂಡೆಗೆ ಹೋಗುತ್ತವೆ. ಅದು ಅರಣ್ಯವಲ್ಲ, ಗೋದಾಮು, ಕಚೇರಿ, ಅಂಗಡಿಗಳ ನಡುವೆ ಉಳಿದ ಒಂದು ತೊರೆ, ಅದರ ಬದಿಗೆ ಒಂದಿಷ್ಟು ಮರ. ನಗರ ಬೆಳೆಯುವಾಗ ಮುಚ್ಚದೆ ಉಳಿಸಿದ ಹಳ್ಳವೊಂದು ಐವತ್ತು ವರ್ಷ ಗಿಡುಗದವನ ಕೆಲಸವನ್ನು ಸಂಬಳವಿಲ್ಲದೆ ಮಾಡಿದೆ. ನಗರಸಭೆಗಳ ಆಯವ್ಯಯದಲ್ಲಿ ಕಾಗೆ ಓಡಿಸುವ ಬಾಬ್ತಿಗೆ ಸ್ಥಳವಿದೆ, ಹಳ್ಳ ಉಳಿಸುವ ಬಾಬ್ತಿಗೆ ಇರುವುದಿಲ್ಲ. ಮೊದಲನೆಯದು ಪ್ರತಿ ವರ್ಷದ ಖರ್ಚು, ಎರಡನೆಯದು ಒಂದು ಸಲದ್ದು.

ಮಲೆನಾಡಿನ ಪೇಟೆಗಳಲ್ಲಿ ಈ ಲೆಕ್ಕವನ್ನು ಹಾಕಲು ಇನ್ನೂ ಅವಕಾಶವಿದೆ. ಇಲ್ಲಿ ಊರುಕಾಗೆ, ಕಾಡುಕಾಗೆಗಳು ವರ್ಷವಿಡೀ ಒಟ್ಟಾಗಿ ರಾತ್ರಿ ಕಳೆಯುತ್ತವೆ. ಬಸ್ ನಿಲ್ದಾಣದ ಅಶ್ವತ್ಥ, ಹೆದ್ದಾರಿ ಬದಿಯ ಸಾಲುಮಾವು, ಕೆರೆದಂಡೆಯ ಆಲ, ಇವೇ ಅವುಗಳ ತಂಗುಮರ. ರಸ್ತೆ ಅಗಲಿಸುವಾಗ ಮರದ ಸುತ್ತಳತೆ ಬರೆದುಕೊಳ್ಳುತ್ತಾರೆ, ಜಾತಿ ಬರೆದುಕೊಳ್ಳುತ್ತಾರೆ, ನಾಟಾದ ಬೆಲೆ ಕಟ್ಟುತ್ತಾರೆ. ಸಂಜೆ ಆರು ಗಂಟೆಗೆ ಆ ಮರದ ಕೆಳಗೆ ನಿಂತು, ಮೇಲೆ ಎಷ್ಟು ಹಕ್ಕಿಗಳಿವೆಯೆಂದು ಎಣಿಸುವ ಕಲಂ ಆ ನಮೂನೆಯಲ್ಲಿಲ್ಲ. ಪೋರ್ಟ್‌ಲ್ಯಾಂಡಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಬೀದಿ ಬೀದಿ ಸುತ್ತಿ, ಮರ ಮರದ ಕಾಗೆಗಳನ್ನು ಎಣಿಸಿ ಬರೆದಿಡುವವರು ಇಲಾಖೆಯವರಲ್ಲ, ಸಾಮಾನ್ಯ ನಾಗರಿಕರು. ಅದಕ್ಕೆ ಬೇಕಾದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲ್, ತಲೆಯ ಮೇಲೊಂದು ಟೊಪ್ಪಿಗೆ.